ಕ್ಲೈಡ್ ಮ್ಯಾಕ್‌ಫ್ಯಾಟರ್: ಈ ಕಂಠಕ್ಕೆ ಸಿಗಬೇಕಾದ ಮರ್ಯಾದೆ ಇನ್ನೂ ಸಿಕ್ಕಿಲ್ಲ

ತಟ್ಟೆ_ತಿರುಗಲಿ

ಶುರುವಿನ ಕಾಲದ ರಾಕ್ ಅಂಡ್ ರೋಲ್ ಬಗ್ಗೆ ಮಾತು ಬಂದಾಗಲೆಲ್ಲ ಅದೇ ಹೆಸರುಗಳು ಬರುತ್ತವೆ. ಎಲ್ವಿಸ್, ಚಕ್ ಬೆರಿ, ಲಿಟಲ್ ರಿಚರ್ಡ್, ಫ್ಯಾಟ್ಸ್ ಡಾಮಿನೊ, ಬಡಿ ಹಾಲಿ. ಇವರಲ್ಲಿ ಯಾರ ಬಗ್ಗೆಯೂ ನನಗೆ ತಕರಾರಿಲ್ಲ. ಆದರೆ ಗಿಟಾರು, ಪಿಯಾನೊ, ಕುಣಿತ, ಕೂದಲು ಎಲ್ಲ ಪಕ್ಕಕ್ಕಿಟ್ಟು ಬರೀ ಹಾಡುಗಾರಿಕೆ ನೋಡಿದರೆ, ಇವರ ಸಾಲಿನಲ್ಲಿ ಮೊದಲು ನಿಲ್ಲಬೇಕಾದವನು ಕ್ಲೈಡ್ ಮ್ಯಾಕ್‌ಫ್ಯಾಟರ್ ಅಂತ ನನ್ನ ನಂಬಿಕೆ. ಅವನ ಹೆಸರು ಗೊತ್ತಿರುವವರು ಇಲ್ಲಿ ಎಷ್ಟು ಜನ ಇದ್ದೀರಿ?

ಹೆಸರು ಗೊತ್ತಿಲ್ಲದಿದ್ದರೂ ದನಿ ಕೇಳಿರುತ್ತೀರಿ. 'ಹೋಮ್ ಅಲೋನ್' ಸಿನಿಮಾದಲ್ಲಿ ಹುಡುಗ ಕನ್ನಡಿ ಮುಂದೆ ಬಾಚಣಿಗೆ ಹಿಡಿದು ಬಾಯಿ ಆಡಿಸುತ್ತಾನಲ್ಲ, 'ವೈಟ್ ಕ್ರಿಸ್‌ಮಸ್' ಹಾಡಿಗೆ? ಅದು ಡ್ರಿಫ್ಟರ್ಸ್ ತಂಡ 1954ರಲ್ಲಿ ಹೊರತಂದ ತಟ್ಟೆ, ಅಂದರೆ ರೆಕಾರ್ಡ್. ಆ ಹಾಡಿನಲ್ಲಿ ಮೊದಲು ಬರುವ ದಪ್ಪ ದನಿ ಬಿಲ್ ಪಿಂಕ್ನಿ ಅವರದು. ಅವರ ಸರದಿ ಮುಗಿದ ಮೇಲೆ ಮೇಲಿನಿಂದ ಇಳಿದು ಬರುವ ತೆಳ್ಳನೆ ದನಿ ಇದೆಯಲ್ಲ, ಅದೇ ಕ್ಲೈಡ್.

ಹುಟ್ಟಿದ್ದು 1932ರ ನವೆಂಬರ್ 15ರಂದು, ನಾರ್ತ್ ಕ್ಯಾರೊಲಿನಾದ ಡರ್ಹಮ್‌ನಲ್ಲಿ. ಅಪ್ಪ ಬ್ಯಾಪ್ಟಿಸ್ಟ್ ಚರ್ಚಿನ ಬೋಧಕ, ಅಮ್ಮ ಅಲ್ಲಿ ಆರ್ಗನ್ ನುಡಿಸುತ್ತಿದ್ದರು. ಚರ್ಚಿನಲ್ಲಿ ಹಾಡಿಯೇ ಬೆಳೆದ ಹುಡುಗ. ಆಮೇಲೆ ಕುಟುಂಬ ನ್ಯೂಜೆರ್ಸಿಗೆ, ಅಲ್ಲಿಂದ ನ್ಯೂಯಾರ್ಕ್‌ಗೆ ಬಂತು. ಅಲ್ಲಿನ ಕರಿಯರ ಬಡಾವಣೆ ಹಾರ್ಲೆಮ್‌ನಲ್ಲಿ ಮೌಂಟ್ ಲೆಬನನ್ ಸಿಂಗರ್ಸ್ ಅನ್ನೋ ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ತಂಡದಲ್ಲಿ ಹಾಡುತ್ತಿದ್ದ. 1950ರಲ್ಲಿ ಬಿಲ್ಲಿ ವಾರ್ಡ್ ಕಟ್ಟಿದ ಡಾಮಿನೋಸ್ ತಂಡಕ್ಕೆ ಸೇರಿದ. ಆಗ ಅವನಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ ಅಥವಾ ಆಗಷ್ಟೇ ತುಂಬಿತ್ತು.

ನಾನು ಹೇಳಬೇಕಾಗಿರೋದು ಇಷ್ಟೇ. ಚರ್ಚಿನಲ್ಲಿ ದೇವರನ್ನು ಕರೆಯುವ ರೀತಿಯಲ್ಲೇ ಹುಡುಗಿಯನ್ನು ಕರೆದು ಹಾಡೋದು, ಅದನ್ನು ತಾಳದ ಮೇಲೆ ಕೂರಿಸೋದು, ಆ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಮೊದಲು ಮಾಡಿದವರಲ್ಲಿ ಇವನು ಒಬ್ಬ. ಅದನ್ನೂ ಎಷ್ಟು ಚೆನ್ನಾಗಿ ಮಾಡಿದ ಅಂದರೆ, ಆಮೇಲೆ ಬಂದವರೆಲ್ಲ ಆ ದಾರಿಯಲ್ಲೇ ನಡೆದರು, ದಾರಿ ಮಾಡಿದವನ ಹೆಸರು ಮಾತ್ರ ಅಳಿಸಿಹೋಯಿತು.

ನೇರನುಡಿ

ಸರ್, ಕ್ಲೈಡ್ ಒಳ್ಳೆ ಹಾಡುಗಾರ, ಒಪ್ಪುತ್ತೇನೆ. ಆದರೆ ಎಲ್ಲರಿಗಿಂತ ಮೊದಲು ಅನ್ನೋದು ಸ್ವಲ್ಪ ಜಾಸ್ತಿ ಆಯಿತು. ಎರಡು ಪ್ರಶ್ನೆ ಇದೆ. ಒಂದು, ಇವನನ್ನು ರಾಕ್ ಅಂಡ್ ರೋಲ್ ಹಾಡುಗಾರ ಅನ್ನಬಹುದಾ? 1950ರಿಂದ 53ರವರೆಗಿನದು ರಿದಮ್ ಅಂಡ್ ಬ್ಲೂಸ್ (ಆರ್ ಅಂಡ್ ಬಿ), ಆಮೇಲಿನದು ಬಹುಪಾಲು ಪಾಪ್. ಇನ್ನೊಂದು, ಬೇರೆಯವರು ಇವನಿಂದ ಕಲಿತರು ಅನ್ನೋದು ಇವನ ದೊಡ್ಡತನಕ್ಕೆ ಪುರಾವೆ ಆಗಲ್ಲ. ಮೇಷ್ಟ್ರಿಗಿಂತ ಚೆನ್ನಾಗಿ ಹಾಡುವ ಶಿಷ್ಯರು ಇರ್ತಾರೆ. ಜಾಕಿ ವಿಲ್ಸನ್ ಕೇಳಿ. ದನಿಯ ಹರವು, ದಮ್ಮು, ವೇದಿಕೆ ಮೇಲಿನ ಹಿಡಿತ, ಎಲ್ಲದರಲ್ಲೂ ಕ್ಲೈಡ್‌ಗಿಂತ ಒಂದು ಕೈ ಮೇಲೆ.

ಮರ್ಕ್ಯುರಿ ಕಂಪನಿಗೆ ಹಾಡಿದ ಕಾಲದ ತಟ್ಟೆಗಳನ್ನೂ ಕೇಳಿ ಒಮ್ಮೆ. ಹಿಂದೆ ಪಿಟೀಲುಗಳ ದಂಡು, ಸಿಹಿ ಸಿಹಿ ಕೋರಸ್. ಅದರಲ್ಲಿ ಯಾವ ಕ್ರಾಂತಿಯೂ ನನಗೆ ಕಾಣಿಸಲ್ಲ.

ತಟ್ಟೆ_ತಿರುಗಲಿ

ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳ್ತೀನಿ.

'ಹ್ಯಾವ್ ಮರ್ಸಿ ಬೇಬಿ' 1952ರ ಹಾಡು. ಆರ್ ಅಂಡ್ ಬಿ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಹತ್ತು ವಾರ ಮೊದಲನೇ ಸ್ಥಾನದಲ್ಲಿತ್ತು. ಎಲ್ವಿಸ್ ಸನ್ ಸ್ಟುಡಿಯೊದಲ್ಲಿ ತನ್ನ ಮೊದಲ ತಟ್ಟೆ ಮಾಡಿದ್ದು 1954ರ ಜುಲೈನಲ್ಲಿ. ಈ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಚಪ್ಪಾಳೆ ಇದೆ, ಓಡುವ ತಾಳ ಇದೆ, ಅರಚುವ ಸ್ಯಾಕ್ಸೊಫೋನ್ ಇದೆ, ಮೇಲೆ ಒಬ್ಬ ಹುಡುಗ ತಪ್ಪಾಯಿತು ಕ್ಷಮಿಸು ಅಂತ ಗೋಗರೆಯುತ್ತಿದ್ದಾನೆ. ಅವನು ಒಂದು ಸಾಲು ಹೇಳುತ್ತಾನೆ, ಹಿಂದಿನವರು ಅದನ್ನು ಎತ್ತಿಕೊಳ್ಳುತ್ತಾರೆ, ಅವರು ಮುಗಿಸುವ ಮೊದಲೇ ಇವನು ಮುಂದಿನ ಸಾಲಿಗೆ ಹಾರುತ್ತಾನೆ. ಪೂರ್ತಿ ಚರ್ಚಿನ ಪದ್ಧತಿ. ಕೊನೆಗೆ ಹಾಡು ಕರಗುತ್ತಾ ಹೋಗುವಾಗ ಬಿಕ್ಕಿ ಅಳುತ್ತಾನೆ. ಇದು ರಾಕ್ ಅಂಡ್ ರೋಲ್ ಅಲ್ಲ ಅಂದರೆ ಇನ್ಯಾವುದು ಅಂತ ನೀವೇ ಹೇಳಿ. ಅಂಗಡಿಯಲ್ಲಿ ಯಾವ ಕಪಾಟಿನಲ್ಲಿಟ್ಟು ಮಾರಿದರು ಅನ್ನೋದು ಬೇರೆ ವಿಷಯ. ಕರಿಯರ ತಟ್ಟೆಗೆ ಆಗ ಬೇರೆ ಪಟ್ಟಿ, ಬೇರೆ ರೇಡಿಯೊ, ಬೇರೆ ಅಂಗಡಿ ಇತ್ತು.

ಒಂದು ವಿಷಯ ಇಲ್ಲೇ ಹೇಳಿಬಿಡ್ತೀನಿ, ಯಾಕೆಂದರೆ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಡಾಮಿನೋಸ್ ತಂಡದ ಅತಿ ದೊಡ್ಡ ಹಾಡು 1951ರ 'ಸಿಕ್ಸ್ಟಿ ಮಿನಿಟ್ ಮ್ಯಾನ್'. ಹದಿನಾಲ್ಕು ವಾರ ಮೊದಲ ಸ್ಥಾನ. ಅದರ ಮುಖ್ಯ ದನಿ ಕ್ಲೈಡ್ ಅಲ್ಲ, ಬಾಸ್ ಹಾಡುಗಾರ ಬಿಲ್ ಬ್ರೌನ್. ಹಾಗಾಗಿ ಡಾಮಿನೋಸ್ ಅಂದಾಗ ಜನರಿಗೆ ನೆನಪಾಗೋದು ಆ ದಪ್ಪ ದನಿ. ಕ್ಲೈಡ್ ಅಲ್ಲೂ ಹಿಂದೆ ಉಳಿದ.

ಸ್ವರಸಾಧಕಿ

ನಾನು ಕರ್ನಾಟಕ ಸಂಗೀತ ಕಲಿತವಳು, ಮಕ್ಕಳಿಗೆ ಪಾಠವನ್ನೂ ಹೇಳುತ್ತೇನೆ. ಕಂಠದ ಬಗ್ಗೆ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ.

ಕ್ಲೈಡ್ ಅವರದು ತುಂಬಾ ಎತ್ತರದ ಶಾರೀರ. ಆದರೆ ಗಮನಿಸಿ, ಬಹುಪಾಲು ಅದು ಕಳ್ಳದನಿ (ಫಾಲ್ಸೆಟ್ಟೊ) ಅಲ್ಲ. ಆ ಎತ್ತರದಲ್ಲೂ ದನಿಗೆ ತೂಕ ಇದೆ. ಅಲ್ಲಿಗೆ ಹೋದಾಗ ಬಹಳ ಜನ ಕಿರುಚುತ್ತಾರೆ, ಇಲ್ಲವೇ ದನಿ ತೆಳುವಾಗಿ ಸೀಳಿಹೋಗುತ್ತದೆ. ಇವರು ಅಲ್ಲೇ ನಿಂತು ಮಾತಾಡುತ್ತಾರೆ. ಅಲ್ಲಿ ನಿಂತು ನಗುತ್ತಾರೆ, ಗೋಗರೆಯುತ್ತಾರೆ, ಕೊಂಕು ಆಡುತ್ತಾರೆ. ಇದು ಸುಮ್ನೆ ಬರುವ ವಿದ್ಯೆ ಅಲ್ಲ.

'ವೈಟ್ ಕ್ರಿಸ್‌ಮಸ್'ನಲ್ಲಿ ಅವರು ಪ್ರವೇಶ ಮಾಡುವ ಜಾಗವನ್ನು ನಿಧಾನವಾಗಿ ಕೇಳಿ. 'ಐ' ಅನ್ನೋ ಒಂದೇ ಅಕ್ಷರ. ಅದನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡನ್ನೂ ಬೇರೆ ಸ್ವರದ ಮೇಲಿಟ್ಟು, ನಡುವೆ ಸಣ್ಣ ಬಿಕ್ಕಳಿಕೆಯ ಹಾಗೆ ಮುರಿದು ಇಳಿಸುತ್ತಾರೆ. ನಮ್ಮಲ್ಲಿ ಬಿರ್ಕಾ, ಅಂದರೆ ವೇಗದ ಸ್ವರಗುಚ್ಛ, ಹಾಕುವಾಗ ಸ್ವರಗಳು ಜಾರಿಹೋಗದೆ ಒಂದೊಂದೂ ಸ್ಪಷ್ಟವಾಗಿ ಕೇಳಬೇಕು ಅಂತ ಮೇಷ್ಟ್ರು ಬಡಿದು ಹೇಳುತ್ತಾರೆ. ಇಲ್ಲಿ ಒಂದೊಂದೂ ಕೇಳುತ್ತದೆ. ಹಾಗೆ ಒಡೆದು ಹಾಡುವಾಗಲೂ ತಾಳ ಬಿಡುವುದಿಲ್ಲ. ಸ್ವಲ್ಪ ತಡವಾಗಿ ಬಂದ ಹಾಗೆ ಮಾಡಿ ಸರಿಯಾದ ಜಾಗದಲ್ಲೇ ಬಂದು ಕೂರುತ್ತಾರೆ.

ಇನ್ನೊಂದು ಗುಣ ಉಸಿರು. 'ವಿದೌಟ್ ಲವ್' ಅಂತ 1957ರ ಹಾಡು ಇದೆ. ನಿಧಾನದ ಹಾಡು, ಹೆಚ್ಚುಕಮ್ಮಿ ಚರ್ಚಿನ ಸ್ತುತಿಯ ಹಾಗೆ. ಪ್ರಾರಂಭದಲ್ಲಿ ದನಿ ಎಷ್ಟು ಸಣ್ಣಗಿದೆ ಅಂದರೆ ಪಕ್ಕದಲ್ಲಿ ಕೂತು ಹೇಳಿದ ಹಾಗಿದೆ. ಏರುತ್ತಾ ಏರುತ್ತಾ ಹೋಗಿ ಕೊನೆಗೆ ಪೂರ್ತಿ ಬಿಚ್ಚುತ್ತಾರೆ. ಮೊದಲೇ ಎಲ್ಲ ಖರ್ಚು ಮಾಡುವುದಿಲ್ಲ. ಇದೇ ಹಾಡನ್ನು 1969ರಲ್ಲಿ ಎಲ್ವಿಸ್ ಹಾಡಿದರು, ಟಾಮ್ ಜೋನ್ಸ್ ಕೂಡ ಹಾಡಿ ದೊಡ್ಡ ಯಶಸ್ಸು ಕಂಡರು. ಇಬ್ಬರೂ ದೊಡ್ಡ ಹಾಡುಗಾರರೇ. ಆದರೆ ಮೂರನ್ನೂ ಒಂದಾದ ಮೇಲೆ ಒಂದು ಹಾಕಿ ಕೇಳಿದರೆ, ಆ ಇಬ್ಬರ ದನಿಯಲ್ಲಿ ಶಕ್ತಿ ಕೇಳುತ್ತದೆ. ಕ್ಲೈಡ್ ಅವರಲ್ಲಿ ಅಗತ್ಯ ಕೇಳುತ್ತದೆ. ಪ್ರೀತಿ ಇಲ್ಲದಿದ್ದರೆ ಈ ಮನುಷ್ಯ ನಿಜವಾಗಲೂ ಉಳಿಯಲ್ಲ ಅನ್ನಿಸುತ್ತದೆ.

ಬಾಸ್ದನಿ

ಮೇಡಂ, ಎಷ್ಟು ಚೆನ್ನಾಗಿ ಬರೆದಿದ್ದೀರಿ. ನಾನು ದಪ್ಪ ದನಿಯವರ ಪಕ್ಷ, ಹಾಗಾಗಿ ಪಿಂಕ್ನಿ ಅವರಿಗೂ ಒಂದು ನಮಸ್ಕಾರ ಸೇರಿಸಿ. ಆ ಹಾಡಿನ ಸೊಗಸು ಇರೋದೇ ಎರಡು ದನಿಗಳ ನಡುವಿನ ದೂರದಲ್ಲಿ.

ಎಲ್ವಿಸ್ 1957ರಲ್ಲಿ ತನ್ನ ಕ್ರಿಸ್‌ಮಸ್ ತಟ್ಟೆಗೆ 'ವೈಟ್ ಕ್ರಿಸ್‌ಮಸ್' ಹಾಡಿದಾಗ ಡ್ರಿಫ್ಟರ್ಸ್ ಹಾಡಿದ ರೀತಿಯನ್ನೇ ಹಿಡಿದಿದ್ದ. ಹಾಡು ಬರೆದ ಅರ್ವಿಂಗ್ ಬರ್ಲಿನ್ ಅವರಿಗೆ ಎಲ್ವಿಸ್ ಹಾಡಿದ್ದು ಸ್ವಲ್ಪವೂ ಹಿಡಿಸಲಿಲ್ಲ ಅನ್ನೋ ಸುದ್ದಿ ಎಲ್ಲರಿಗೂ ಗೊತ್ತು. ಆದರೆ ಆ ರೀತಿ ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಹೇಳಲ್ಲ. 'ಮನಿ ಹನಿ' ಕೂಡ ಎಲ್ವಿಸ್ ತನ್ನ ಮೊದಲ ಎಲ್‌ಪಿಯಲ್ಲಿ ಹಾಡಿದ, 1956ರಲ್ಲಿ. 'ಸಚ್ ಎ ನೈಟ್' 1960ರಲ್ಲಿ ಹಾಡಿದ. ಮೇಡಂ ಹೇಳಿದ 'ವಿದೌಟ್ ಲವ್' ಸೇರಿದರೆ ನಾಲ್ಕಾಯಿತು. ಎಲ್ವಿಸ್‌ಗೆ ಕ್ಲೈಡ್ ಮೇಲೆ ಎಷ್ಟು ಗೌರವ ಇತ್ತು ಅಂತ ಇದರಲ್ಲೇ ಗೊತ್ತಾಗುತ್ತೆ ಅಲ್ವಾ?

ನೇರನುಡಿ

ಎಲ್ವಿಸ್ ಹಾಡಿದ ಅನ್ನೋದು ಮತ್ತೆ ಪ್ರಭಾವದ ಮಾತೇ ಆಯಿತು. ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ. ಸ್ವರಸಾಧಕಿ ಮೇಡಂ ಹೇಳಿದ್ದಕ್ಕೆ ತೂಕ ಇದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ನಿಧಾನದ ಹಾಡಿನಲ್ಲಿ ಚೆನ್ನಾಗಿ ಹಾಡುವವರು ಬೇಕಾದಷ್ಟು ಜನ ಇದ್ದರು. ರಾಕ್ ಹಾಡಿನಲ್ಲಿ ಇವನ ಪ್ರತಿಭೆ ಎಲ್ಲಿದೆ ಅಂತ ತೋರಿಸಿ.

ತಟ್ಟೆ_ತಿರುಗಲಿ

'ಮನಿ ಹನಿ'. 1953. ಇದೊಂದೇ ಹಾಡು ಸಾಕು ನನಗೆ.

ಮೊದಲು ಅದು ಹುಟ್ಟಿದ ಕತೆ. ಅಟ್ಲಾಂಟಿಕ್ ಕಂಪನಿಯ ಅಹ್ಮೆತ್ ಎರ್ಟೆಗನ್ ಡಾಮಿನೋಸ್ ತಂಡದ ಹಾಡು ಕೇಳಲು ನ್ಯೂಯಾರ್ಕ್‌ನ ಬರ್ಡ್‌ಲ್ಯಾಂಡ್ ಕ್ಲಬ್ಬಿಗೆ ಹೋಗುತ್ತಾರೆ. ವೇದಿಕೆ ಮೇಲೆ ಕ್ಲೈಡ್ ಇಲ್ಲ. ವಿಚಾರಿಸಿದರೆ ತಂಡ ಬಿಟ್ಟಿದ್ದಾನೆ ಅಂತ ಗೊತ್ತಾಗುತ್ತೆ. ಎರ್ಟೆಗನ್ ಅಲ್ಲಿಂದ ಎದ್ದು ನೇರ ಅವನನ್ನು ಹುಡುಕಿಕೊಂಡು ಹೊರಟರು. ಸಿಕ್ಕ ಕೂಡಲೇ ಕರಾರು ಮಾಡಿಕೊಂಡು, ಹೊಸ ತಂಡ ಕಟ್ಟಿಕೋ ಅಂದರು. ಅದೇ ಡ್ರಿಫ್ಟರ್ಸ್. ಕ್ಲೈಡ್ ಮೊದಲು ತನ್ನ ಹಳೆಯ ಚರ್ಚಿನ ಗೆಳೆಯರನ್ನೇ ಕರೆತಂದ, ಆ ಧ್ವನಿಮುದ್ರಣ ಸರಿಹೋಗಲಿಲ್ಲ. ಆಮೇಲೆ ಪಿಂಕ್ನಿ, ಥ್ರ್ಯಾಷರ್ ಅಣ್ಣತಮ್ಮಂದಿರು ಬಂದರು. ಆಗಸ್ಟ್‌ನಲ್ಲಿ 'ಮನಿ ಹನಿ' ಆಯಿತು. ಹನ್ನೊಂದು ವಾರ ಆರ್ ಅಂಡ್ ಬಿ ಪಟ್ಟಿಯ ತುದಿಯಲ್ಲಿ.

ಹಾಡು ಬರೆದದ್ದು ಜೆಸ್ಸಿ ಸ್ಟೋನ್. ವಿಷಯ ಸರಳ. ಬಾಡಿಗೆ ಕೇಳಲು ಮನೆ ಮಾಲೀಕ ಬಾಗಿಲು ಬಡಿಯುತ್ತಾನೆ. ಇವನ ಹತ್ತಿರ ಕಾಸಿಲ್ಲ. ಇದನ್ನು ಗಂಟಲು ಹರಿದುಕೊಂಡು ಹಾಡಿದರೂ ನಡೆಯುತ್ತಿತ್ತು. ಕ್ಲೈಡ್ ಹಾಗೆ ಮಾಡಲ್ಲ. ಪಕ್ಕದ ಮನೆಯವರ ಹತ್ತಿರ ನಡೆದದ್ದನ್ನು ಹೇಳಿಕೊಳ್ಳುವ ಧಾಟಿಯಲ್ಲಿ ಸಾಲು ಸಾಲಾಗಿ ಹೇಳುತ್ತಾ ಹೋಗುತ್ತಾನೆ. ಹಿಂದಿನವರು ಮೂಗಿನಲ್ಲಿ ಗುನುಗಿಕೊಂಡು ತಾಳ ಹಾಕುತ್ತಿರುತ್ತಾರೆ. ಮಾಲೀಕ ಮಾತಾಡುವಾಗ ದನಿ ಸ್ವಲ್ಪ ಗಡುಸು, ತಾನು ಮಾತಾಡುವಾಗ ಸ್ವಲ್ಪ ಜಾರುತನ. ಪ್ರತಿ ಚರಣದ ಕೊನೆಗೆ ಹಾಡಿನ ಹೆಸರು ಬರುವಾಗ ಪ್ರತಿ ಸಲವೂ ಒಂಚೂರು ಬೇರೆ ಥರ ತಿರುಗಿಸುತ್ತಾನೆ. ನಡುವೆ ಸ್ಯಾಮ್ ಟೇಲರ್ ಅವರ ಸ್ಯಾಕ್ಸ್ ಬರುತ್ತೆ. ಸ್ಯಾಕ್ಸ್ ಶುರುವಾಗೋ ಕ್ಷಣಕ್ಕೆ ಒಂದು ಕೂಗು ಹಾಕುತ್ತಾನೆ ನೋಡಿ, ಅಲ್ಲಿಯವರೆಗೆ ತಡೆದಿಟ್ಟಿದ್ದೆಲ್ಲ ಆ ಒಂದು ಕೂಗಿನಲ್ಲಿ ಹೊರಬರುತ್ತೆ. ಕೂಗೋದು ಎಲ್ಲರಿಗೂ ಬರುತ್ತೆ. ಅಲ್ಲಿಯವರೆಗೆ ಕೂಗದೆ ಕಾಯೋದು ಇವನಿಗೆ ಬರುತ್ತಿತ್ತು.

ಎಲ್ವಿಸ್‌ನ 'ಮನಿ ಹನಿ' ಚೆನ್ನಾಗಿದೆ, ಜೋರಾಗಿದೆ. ಆದರೆ ಅದರಲ್ಲಿ ಬಾಡಿಗೆ ಕಟ್ಟಬೇಕಾದ ಮನುಷ್ಯ ನನಗೆ ಕಾಣಲ್ಲ.

ಜಾಕಿ ವಿಲ್ಸನ್ ಬಗ್ಗೆ ಹೇಳಿದಿರಿ. ಕ್ಲೈಡ್ ಡಾಮಿನೋಸ್ ಬಿಟ್ಟಾಗ ಆ ಜಾಗಕ್ಕೆ ಬಂದವನೇ ಜಾಕಿ. ಹೊರಡುವ ಮೊದಲು ಅವನಿಗೆ ಹಾಡುಗಳನ್ನು ಹೇಳಿಕೊಟ್ಟವನು ಕ್ಲೈಡ್. ಜಾಕಿಯ ದನಿ ದೊಡ್ಡದು, ನಿಜ. ಅವನು ಹಾಡಿನ ಮೇಲೆ ಸವಾರಿ ಮಾಡ್ತಾನೆ. ಕ್ಲೈಡ್ ಹಾಡಿನ ಒಳಗೆ ಇರ್ತಾನೆ. ನನಗೆ ಎರಡನೆಯದು ಇಷ್ಟ.

ಮಧ್ಯರಾತ್ರಿ_ರೇಡಿಯೊ

ಮರೆತಿದ್ದು ಯಾಕೆ ಅನ್ನೋದಕ್ಕೆ ಬರೋಣ. ನನ್ನ ಪ್ರಕಾರ ಇದಕ್ಕೆ ದೊಡ್ಡ ಕಾರಣ ತಂಡದ ಹೆಸರುಗಳು.

ಡಾಮಿನೋಸ್‌ನಲ್ಲಿ ಹಾಡುತ್ತಿದ್ದಾಗ ತಟ್ಟೆ ಮೇಲೆ ಬಿಲ್ಲಿ ವಾರ್ಡ್ ಹೆಸರು. ವಾರ್ಡ್ ಪಿಯಾನೊ ನುಡಿಸುತ್ತಿದ್ದರು, ಹಾಡುಗಾರಿಕೆ ಹೇಳಿಕೊಡುವ ಮೇಷ್ಟ್ರು, ತಂಡದ ಯಜಮಾನ. ಕೇಳುಗರು ಹಾಡೋನು ಬಿಲ್ಲಿ ವಾರ್ಡ್ ಅಂದುಕೊಂಡರು. ಕ್ಲೈಡ್‌ನನ್ನು ಕೆಲವು ಕಡೆ ಕ್ಲೈಡ್ ವಾರ್ಡ್, ಬಿಲ್ಲಿಯ ತಮ್ಮ ಅಂತ ಕರೆದದ್ದೂ ಉಂಟು. ದೇಶಕ್ಕೆ ದೇಶವೇ ಗುನುಗುತ್ತಿದ್ದ ದನಿಗೆ ಸ್ವಂತ ಹೆಸರೇ ಇರಲಿಲ್ಲ.

ಡ್ರಿಫ್ಟರ್ಸ್ ಕತೆ ಇನ್ನೂ ಬೇಸರದ್ದು. ಆ ತಂಡ ಕಟ್ಟಿದ್ದೇ ಕ್ಲೈಡ್‌ಗಾಗಿ. ಅದರಲ್ಲಿ ಅವನ ಪಾಲೂ ಇತ್ತು. 'ಮನಿ ಹನಿ', 'ಸಚ್ ಎ ನೈಟ್', 'ಹನಿ ಲವ್', ಒಂದರ ಹಿಂದೆ ಒಂದು ಗೆದ್ದವು. 'ಹನಿ ಲವ್' ಎಂಟು ವಾರ ಮೊದಲನೇ ಸ್ಥಾನದಲ್ಲಿತ್ತು. ಅಷ್ಟರಲ್ಲಿ 1954ರಲ್ಲಿ ಸೇನೆಯಿಂದ ಕರೆ ಬಂತು. ರಜೆ ಸಿಕ್ಕಾಗ ಬಂದು ಹಾಡಿ ಹೋಗುತ್ತಿದ್ದ, ಆದರೆ ತಂಡದ ಜತೆ ಊರೂರು ತಿರುಗುವುದು ನಿಂತಿತು. ಸೇನೆ ಬಿಟ್ಟ ಮೇಲೆ ಒಬ್ಬನೇ ಹಾಡುತ್ತೇನೆ ಅಂತ ಹೊರಟ. ತಂಡದಲ್ಲಿದ್ದ ತನ್ನ ಪಾಲನ್ನು ಮ್ಯಾನೇಜರ್ ಜಾರ್ಜ್ ಟ್ರೆಡ್‌ವೆಲ್‌ಗೆ ಬಿಟ್ಟುಕೊಟ್ಟ. ಅಲ್ಲಿಂದ ಮುಂದೆ ಡ್ರಿಫ್ಟರ್ಸ್‌ನಲ್ಲಿ ಉಳಿದ ಹಾಡುಗಾರರೆಲ್ಲ ಸಂಬಳದ ಆಳುಗಳು. 1958ರಲ್ಲಿ ಟ್ರೆಡ್‌ವೆಲ್ ಇಡೀ ತಂಡವನ್ನೇ ತೆಗೆದುಹಾಕಿ ಫೈವ್ ಕ್ರೌನ್ಸ್ ಅನ್ನೋ ಬೇರೆ ತಂಡಕ್ಕೆ ಡ್ರಿಫ್ಟರ್ಸ್ ಅಂತ ಹೆಸರಿಟ್ಟರು. ಅದರಲ್ಲಿ ಇದ್ದವನು ಬೆನ್ ಇ. ಕಿಂಗ್. 1959ರ 'ದೇರ್ ಗೋಸ್ ಮೈ ಬೇಬಿ' ಅವರದು. ಇವತ್ತು ಡ್ರಿಫ್ಟರ್ಸ್ ಅಂತ ಹುಡುಕಿದರೆ ಮೊದಲು ಸಿಗುವ ಹಾಡುಗಳೆಲ್ಲ ಆ ಎರಡನೇ ತಂಡದ್ದು. ಅವು ಒಳ್ಳೆಯ ಹಾಡುಗಳೇ. ಆದರೆ ಕ್ಲೈಡ್ ತನ್ನದೇ ತಂಡದ ಹೆಸರಿನ ಕೆಳಗೆ ಮುಚ್ಚಿಹೋದ.

ಇನ್ನೊಂದು ಏಟು ಬಿಳಿಯರು ಹಾಡಿದ ನಕಲು ತಟ್ಟೆಗಳಿಂದ ಬಿತ್ತು. 'ಸಚ್ ಎ ನೈಟ್' ಅಶ್ಲೀಲ ಅಂತ ಕೆಲವು ರೇಡಿಯೊ ಕೇಂದ್ರಗಳು ನಿಲ್ಲಿಸಿದವು. ಅದೇ ವರ್ಷ ಜಾನಿ ರೇ ಅದನ್ನೇ ಹಾಡಿದ, ಇಂಗ್ಲೆಂಡಿನಲ್ಲಿ ಮೊದಲನೇ ಸ್ಥಾನಕ್ಕೆ ಹೋಯಿತು. ಇಂಗ್ಲೆಂಡಿನ ಕೇಳುಗರ ಕಿವಿಯಲ್ಲಿ ಆ ಹಾಡು ಯಾರದು ಅಂತ ಉಳಿದಿರುತ್ತೆ, ನೀವೇ ಯೋಚಿಸಿ.

ಎಡಿಸನ್_ಕನ್ನಡಿಗ

ಡಾಮಿನೋಸ್ ಕಾಲದ ಸಂಬಳದ ಬಗ್ಗೆ ಯಾರೂ ಬರೆದಿಲ್ಲ. ಕ್ಲೈಡ್‌ಗೆ ವಾರಕ್ಕೆ ಸುಮಾರು 100 ಡಾಲರ್ ಸಿಗುತ್ತಿತ್ತು. ಅದರಲ್ಲೇ ತೆರಿಗೆ, ಊಟ, ಹೋಟೆಲ್ ಖರ್ಚು ಎಲ್ಲ. ಬಿಲ್ಲಿ ವಾರ್ಡ್ ಶಿಸ್ತಿನ ಮನುಷ್ಯ, ತಪ್ಪಿದರೆ ದಂಡ ಹಾಕುತ್ತಿದ್ದರು. ತಟ್ಟೆಗಳು ಲಕ್ಷಗಟ್ಟಲೆ ಮಾರಾಟ ಆಗುವಾಗ ಮುಖ್ಯ ಹಾಡುಗಾರನ ಕೈಗೆ ಉಳಿಯುತ್ತಿದ್ದದ್ದು ಚಿಲ್ಲರೆ. ತಂಡ ಬಿಟ್ಟದ್ದಕ್ಕೆ ಇದೂ ಒಂದು ಕಾರಣ.

ನಾನಿರುವ ನ್ಯೂಜೆರ್ಸಿಯಲ್ಲೇ ಅವನು ಹುಡುಗನಾಗಿದ್ದಾಗ ಕೆಲವು ವರ್ಷ ಇದ್ದದ್ದು, ಟೀನೆಕ್ ಊರಿನಲ್ಲಿ. ಮಣ್ಣಾದದ್ದೂ ಇದೇ ರಾಜ್ಯದ ಪರಾಮಸ್‌ನಲ್ಲಿ. ಇಲ್ಲಿನ ಆಫೀಸಿನಲ್ಲಿ ನನ್ನ ವಯಸ್ಸಿನ ಅಮೆರಿಕನ್ನರನ್ನು ಕೇಳಿದರೆ ಅವರಿಗೂ ಹೆಸರು ಗೊತ್ತಿರಲ್ಲ. 'ಎ ಲವರ್ಸ್ ಕ್ವೆಶ್ಚನ್' ಹಾಕಿದರೆ ಓ ಇದಾ ಅಂತಾರೆ.

ಬಾಸ್ದನಿ

'ಎ ಲವರ್ಸ್ ಕ್ವೆಶ್ಚನ್' ನೆನಪು ಮಾಡಿದ್ದು ಒಳ್ಳೆಯದಾಯಿತು. 1958ರ ಕೊನೆಯ ಹೊತ್ತಿಗೆ ಬಂದ ಹಾಡು, ಬ್ರೂಕ್ ಬೆಂಟನ್ ಮತ್ತು ಜಿಮ್ಮಿ ವಿಲಿಯಮ್ಸ್ ಬರೆದದ್ದು. ಪಾಪ್ ಪಟ್ಟಿಯಲ್ಲಿ ಆರನೇ ಸ್ಥಾನ, ಆರ್ ಅಂಡ್ ಬಿಯಲ್ಲಿ ಮೊದಲನೆಯದು. ಹಾಡು ಶುರುವಾಗೋದೇ ದಪ್ಪ ದನಿಯ ತಾಳದಿಂದ. ವಾದ್ಯ ಹೆಚ್ಚಿಲ್ಲ. ಚಿಟಿಕೆ, ದಪ್ಪ ದನಿ, ಮೇಲೆ ಕ್ಲೈಡ್. ಪ್ರಶ್ನೆ ಕೇಳುವ ಹಾಡು ಅದು, ಅವಳು ನನ್ನನ್ನು ಪ್ರೀತಿಸುತ್ತಾಳಾ ಇಲ್ಲವಾ ಅಂತ. ಪ್ರತಿ ಸಾಲಿನ ಕೊನೆಯನ್ನೂ ನಿಜವಾದ ಪ್ರಶ್ನೆಯ ಹಾಗೆ ಮೇಲಕ್ಕೆ ಎತ್ತಿ ಬಿಡುತ್ತಾನೆ. ಉತ್ತರ ಗೊತ್ತಿಲ್ಲದ ಮನುಷ್ಯ ಹಾಡುವ ಹಾಗೆ. ನೇರನುಡಿಯವರೇ, ಪಾಪ್ ಅಂತ ತಳ್ಳಿಹಾಕಬೇಡಿ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ದೊಡ್ಡ ಹಾಡು ನಿಲ್ಲಿಸೋದು ಎಲ್ಲರ ಕೈಲಿ ಆಗಲ್ಲ.

ನೇರನುಡಿ

ಈಗ 'ಮನಿ ಹನಿ' ಮತ್ತೆ ಕೇಳಿದೆ. ಕೂಗದೆ ಕಾಯೋದು ಅಂತ ತಟ್ಟೆಯವರು ಹೇಳಿದ್ದು ಸರಿಯಾಗಿದೆ. 'ಲವರ್ಸ್ ಕ್ವೆಶ್ಚನ್' ಯಾವತ್ತೂ ಇಷ್ಟವೇ. ಆದರೆ ಜಾಕಿ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ. ಮರ್ಕ್ಯುರಿ ವಿಷಯದಲ್ಲಂತೂ ಬದಲಾಗಲ್ಲ. ಅಟ್ಲಾಂಟಿಕ್ ಬಿಟ್ಟದ್ದೇ ಅವನಿಗೆ ಮುಳುವಾಯಿತು. 1959ರಲ್ಲಿ ಹೆಚ್ಚು ದುಡ್ಡು ಕೊಡ್ತೀವಿ ಅಂತ ಎಂಜಿಎಂ ಕಂಪನಿ ಕರೆಯಿತು, ಹೋದ. ಅವರಿಗೆ ಇಂಥ ದನಿಯನ್ನು ಏನು ಮಾಡಬೇಕು ಅಂತಲೇ ಗೊತ್ತಿರಲಿಲ್ಲ. ಮರುವರ್ಷ ಮರ್ಕ್ಯುರಿ. ಅಲ್ಲಿ 1962ರ 'ಲವರ್ ಪ್ಲೀಸ್' ಏಳನೇ ಸ್ಥಾನಕ್ಕೆ ಹೋಯಿತು, ಆ ಮೇಲೆ ದೊಡ್ಡದಾಗಿ ಏನೂ ಗೆಲ್ಲಲಿಲ್ಲ.

ತಟ್ಟೆ_ತಿರುಗಲಿ

ಎಂಜಿಎಂ ಬಗ್ಗೆ ನಿಮ್ಮ ಮಾತಿಗೆ ನನ್ನದೂ ಒಪ್ಪಿಗೆ. ಮರ್ಕ್ಯುರಿ ಬಗ್ಗೆ ಇಲ್ಲ. 1964ರಲ್ಲಿ ಬಂದ 'ಸಾಂಗ್ಸ್ ಆಫ್ ದಿ ಬಿಗ್ ಸಿಟಿ' ತಟ್ಟೆ ಹಾಕಿ ಕೇಳಿ, ಅದರಲ್ಲೂ 'ಡೀಪ್ ಇನ್ ದಿ ಹಾರ್ಟ್ ಆಫ್ ಹಾರ್ಲೆಮ್'. ಪಿಟೀಲು ಇದೆ, ಹೌದು. ಆದರೆ ಅಲ್ಲಿ ಹಾಡುತ್ತಿರುವವನು ಹಾರ್ಲೆಮ್‌ನಲ್ಲಿ ಬೆಳೆದು, ಅಲ್ಲಿಂದ ಹೊರಗೆ ಹೋಗಲು ದಾರಿ ಹುಡುಕಿದವನು. ದನಿ ಮೊದಲಿಗಿಂತ ಒಂಚೂರು ಒರಟಾಗಿದೆ, ಆ ಒರಟು ಹಾಡಿಗೆ ಸರಿಯಾಗಿ ಹೊಂದಿದೆ. ಹಾರ್ಲೆಮ್‌ನ ಅಪೊಲೊ ಥಿಯೇಟರಿನಲ್ಲಿ ಜನರ ಮುಂದೆ ಹಾಡಿದ ತಟ್ಟೆಯೂ ಇದೆ. ಅದೇ ಅಪೊಲೊದ ಹವ್ಯಾಸಿಗಳ ಸ್ಪರ್ಧೆಯಲ್ಲಿ ಗೆದ್ದೇ ಅವನು ಮೊದಲು ಹೆಸರು ಮಾಡಿದ್ದು. ಪಿಟೀಲು ಇಲ್ಲದ ಕಡೆ ಅವನು ಏನು ಮಾಡ್ತಿದ್ದ ಅಂತ ಅದರಲ್ಲಿ ಗೊತ್ತಾಗುತ್ತೆ.

ಸ್ವರಸಾಧಕಿ

ಎತ್ತರದ ದನಿಗೇ ಹೆಸರಾದ ಹಾಡುಗಾರ ಸ್ಮೋಕಿ ರಾಬಿನ್ಸನ್ ಅವರ ಹೆಸರು ಇನ್ನೂ ಬಂದಿಲ್ಲವಲ್ಲ? ಚಿಕ್ಕವರಿದ್ದಾಗ ತಮ್ಮ ದನಿ ಇಷ್ಟು ಎತ್ತರ ಅಂತ ಸಂಕೋಚ ಇತ್ತು, ಗಂಡಸು ಈ ಎತ್ತರದಲ್ಲಿ ಹಾಡಬಹುದು ಅಂತ ಧೈರ್ಯ ಬಂದದ್ದು ಕ್ಲೈಡ್ ಅವರನ್ನು ಕೇಳಿದ ಮೇಲೆ, ಅನ್ನೋ ಅರ್ಥದ ಮಾತನ್ನು ಅವರು ಹೇಳಿದ್ದಾರೆ. ಪ್ರಭಾವ ಪುರಾವೆ ಅಲ್ಲ ಅಂತ ನೇರನುಡಿಯವರು ಹೇಳುತ್ತಾರೆ, ಇರಲಿ. ಪಾಠ ಹೇಳುವವಳಾಗಿ ನನಗೆ ಇದು ದೊಡ್ಡ ವಿಷಯ. ಹದಿನಾಲ್ಕು ಹದಿನೈದರ ಹುಡುಗರು ದನಿ ಒಡೆಯುವ ಹೊತ್ತಿಗೆ ಹಾಡೋದನ್ನೇ ಬಿಟ್ಟುಬಿಡುತ್ತಾರೆ. ಎತ್ತರದ ದನಿ ಉಳಿದವರು ನಾಚಿಕೊಂಡು ಶ್ರುತಿ ಇಳಿಸಿಕೊಂಡು ಗಂಟಲು ಕೆಡಿಸಿಕೊಳ್ಳುತ್ತಾರೆ. ನಿನ್ನ ದನಿಯಲ್ಲೇ ನೀನು ಹಾಡು ಅಂತ ಒಬ್ಬ ದೊಡ್ಡ ಹಾಡುಗಾರ ತೋರಿಸಿಕೊಟ್ಟರೆ ಎಷ್ಟು ಗಂಟಲು ಉಳಿಯುತ್ತವೆ.

ಮಧ್ಯರಾತ್ರಿ_ರೇಡಿಯೊ

ಕೊನೆಯ ವರ್ಷಗಳ ಬಗ್ಗೆ ಹೆಚ್ಚು ಬರೆಯಲು ಮನಸ್ಸಾಗಲ್ಲ. 60ರ ದಶಕದ ಮಧ್ಯದ ಹೊತ್ತಿಗೆ ಕುಡಿತ ಜಾಸ್ತಿಯಾಗಿತ್ತು. 1968ರಲ್ಲಿ ಇಂಗ್ಲೆಂಡಿಗೆ ಹೋದ. ಅಲ್ಲಿ ಅವನನ್ನು ನೆನಪಿಟ್ಟವರು ಇದ್ದರು, ಕ್ಲಬ್ಬುಗಳಲ್ಲಿ ಹಾಡಿದ. ವಾಪಸ್ ಬಂದು 1970ರಲ್ಲಿ ಡೆಕ್ಕಾ ಕಂಪನಿಗೆ 'ವೆಲ್‌ಕಮ್ ಹೋಮ್' ಅಂತ ಒಂದು ತಟ್ಟೆ ಮಾಡಿದ. ಅದು ಓಡಲಿಲ್ಲ. 1972ರ ಜೂನ್ 13ರಂದು ತೀರಿಕೊಂಡ. ವಯಸ್ಸು 39.

ಗೌರವಗಳೇ ಸಿಕ್ಕಿಲ್ಲ ಅಂತಲ್ಲ. 1987ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು, ಮರುವರ್ಷ ಡ್ರಿಫ್ಟರ್ಸ್ ಜತೆ ಮತ್ತೊಮ್ಮೆ. ಎರಡು ಸಲ ಸೇರಿದ ಮೊದಲ ಕಲಾವಿದ ಅವನೇ. 1993ರಲ್ಲಿ ಅಮೆರಿಕದ ಅಂಚೆ ಇಲಾಖೆ 29 ಸೆಂಟಿನ ಅಂಚೆಚೀಟಿ ತಂದಿತು. ಅದೇ ಸಾಲಿನಲ್ಲಿ ಎಲ್ವಿಸ್, ಓಟಿಸ್ ರೆಡ್ಡಿಂಗ್, ಬಡಿ ಹಾಲಿ, ರಿಚಿ ವ್ಯಾಲೆನ್ಸ್, ಬಿಲ್ ಹೇಲಿ, ಡೈನಾ ವಾಷಿಂಗ್ಟನ್ ಇದ್ದರು. ಅಂಚೆಚೀಟಿ ಬಂದರೂ ರೇಡಿಯೊದಲ್ಲಿ ಹಾಡು ಬರದಿದ್ದರೆ ಏನು ಬಂತು ಹೇಳಿ. ಹಾಡುಗಾರನಿಗೆ ಬೇಕಾದದ್ದು ಕಿವಿ.

ಹೊಸಬ23

ಎಲ್ಲರಿಗೂ ನಮಸ್ಕಾರ. ನಾನು ಈ ಹೆಸರು ಕೇಳಿದ್ದು ಇವತ್ತೇ. ಚರ್ಚೆ ಪೂರ್ತಿ ಓದಿದೆ. ತಟ್ಟೆ ಅಣ್ಣ, ಎಲ್ಲಿಂದ ಶುರು ಮಾಡಲಿ? ತುಂಬಾ ಹಳೆಯ ಧ್ವನಿಮುದ್ರಣ ಅಂದರೆ ನನಗೆ ಗರಗರ ಸದ್ದು ಕೇಳಿ ಬೇಗ ಸಾಕಾಗಿಬಿಡುತ್ತೆ.

ತಟ್ಟೆ_ತಿರುಗಲಿ

ಹಾಗಾದರೆ ಹಿಂದಿನಿಂದ ಮುಂದಕ್ಕೆ ಬೇಡ, ನಡುವಿನಿಂದ ಶುರು ಮಾಡಿ. ಅಟ್ಲಾಂಟಿಕ್‌ನಲ್ಲಿ ಧ್ವನಿಮುದ್ರಣ ಆ ಕಾಲಕ್ಕೆ ತುಂಬಾ ಶುಚಿಯಾಗಿರುತ್ತಿತ್ತು. 'ಎ ಲವರ್ಸ್ ಕ್ವೆಶ್ಚನ್', ಆಮೇಲೆ 1956ರ 'ಟ್ರೆಷರ್ ಆಫ್ ಲವ್', ಆಮೇಲೆ 'ವಿದೌಟ್ ಲವ್'. ಇವೆಲ್ಲ 'ಡೀಪ್ ಸೀ ಬಾಲ್' ಅನ್ನೋ ಸಂಗ್ರಹದಲ್ಲಿ ಒಟ್ಟಿಗೆ ಸಿಗುತ್ತವೆ, 1991ರಲ್ಲಿ ಬಂದದ್ದು. ದನಿ ಕಿವಿಗೆ ಹತ್ತಿದ ಮೇಲೆ ಡ್ರಿಫ್ಟರ್ಸ್‌ಗೆ ಹೋಗಿ. ಅದಕ್ಕೆ 'ಲೆಟ್ ದಿ ಬೂಗಿ ವೂಗಿ ರೋಲ್' ಅನ್ನೋ ಸಂಗ್ರಹ ಇದೆ, 1953ರಿಂದ 58ರವರೆಗಿನದು. ಬೇರೆ ಡ್ರಿಫ್ಟರ್ಸ್ ಸಂಗ್ರಹ ತಗೊಂಡರೆ ಬೆನ್ ಇ. ಕಿಂಗ್ ಕಾಲದ ಹಾಡುಗಳೇ ಜಾಸ್ತಿ ಇರ್ತವೆ, ವರ್ಷ ನೋಡಿಕೊಳ್ಳಿ.

ಡಾಮಿನೋಸ್ ಕೊನೆಗೆ ಇಟ್ಟುಕೊಳ್ಳಿ. ಗರಗರ ಅಲ್ಲೇ ಜಾಸ್ತಿ. ಆದರೆ ಬಿಡಬೇಡಿ. 'ದಿ ಬೆಲ್ಸ್' ಅಂತ 1953ರ ಹಾಡು ಇದೆ, ಸಾವಿನ ಗಂಟೆಯ ಹಾಡು. ಹಾಡುತ್ತಾ ಹಾಡುತ್ತಾ ಅಳು ಬಂದು ಸಾಲುಗಳೇ ಮುರಿಯುತ್ತವೆ, ಆದರೂ ಶ್ರುತಿ ಒಂದು ಕೂದಲೆಳೆಯೂ ಜಾರಲ್ಲ. ರಾತ್ರಿ ಒಬ್ಬರೇ ಇರುವಾಗ ಬೇಡ, ಹಗಲು ಹೊತ್ತು ಕೇಳಿ.

ಬಾಸ್ದನಿ

ರೂತ್ ಬ್ರೌನ್ ಜತೆ ಹಾಡಿದ 'ಲವ್ ಹ್ಯಾಸ್ ಜಾಯಿನ್ಡ್ ಅಸ್ ಟುಗೆದರ್' ಕೂಡ ಸೇರಿಸಿ ತಟ್ಟೆಯವರೇ. 1955. ಇಬ್ಬರೂ ಅಟ್ಲಾಂಟಿಕ್‌ನ ದೊಡ್ಡ ದನಿಗಳು, ಒಬ್ಬರ ಮೇಲೊಬ್ಬರು ಬೀಳದೆ ಜಾಗ ಬಿಟ್ಟುಕೊಂಡು ಹಾಡಿದ್ದಾರೆ.

ತಟ್ಟೆ_ತಿರುಗಲಿ

ಸರಿ, ಸೇರಿಸಿದೆ. ನೇರನುಡಿಯವರೇ, ಅಪೊಲೊ ತಟ್ಟೆ ಕೇಳಿದ ಮೇಲೆ ಇಲ್ಲೇ ಬರೆಯಿರಿ. ಜಾಕಿ ವಿಷಯ ಆಮೇಲೆ ಮತ್ತೆ ಜಗಳ ಆಡೋಣ.